ಫೈರ್‌ವಾಲ್ ಬಿಗಿಗೊಳಿಸಿದ ಮೇಲೆ ಜಾಲತಾಣ ಗೂಗಲ್‌ನಿಂದ ಮಾಯವಾಗಿದೆ, ಏಕೆ?

ಬೇಕಲದ ನಿಮ್ಮ ಹೋಂಸ್ಟೇ ಜಾಲತಾಣಕ್ಕೆ ಭಾರತದ ಹೊರಗಿನ ಐಪಿ ವಿಳಾಸಗಳನ್ನೆಲ್ಲ (ಅಂತರ್ಜಾಲ ಸಂಪರ್ಕದ ಗುರುತುಸಂಖ್ಯೆಗಳು) ಫೈರ್‌ವಾಲ್‌ನಲ್ಲಿ, ಅಂದರೆ ಯಾರನ್ನು ಒಳಬಿಡಬೇಕೆಂದು ನೋಡುವ ಕಾವಲು ವ್ಯವಸ್ಥೆಯಲ್ಲಿ, ತಡೆದಿರುವುದಾಗಿ ಬರೆದಿದ್ದೀರಿ. ತೊಂದರೆ ಅಲ್ಲೇ ಇದೆ. ಹುಡುಕಾಟದ ಪಟ್ಟಿಗಾಗಿ ಪುಟಗಳನ್ನು ಓದುವ ಗೂಗಲ್‌ನ ತಂತ್ರಾಂಶ ಗೂಗಲ್‌ಬಾಟ್, ನಮ್ಮ ಕನ್ನಡ ಪುಟಗಳನ್ನು ಓದಲೂ ಹೆಚ್ಚಾಗಿ ಅಮೆರಿಕದ ಐಪಿಯಿಂದಲೇ ಬರುತ್ತದೆ. ಅದಕ್ಕೆ 403 (ಪ್ರವೇಶವಿಲ್ಲ) ಎಂಬ ಉತ್ತರ ಸಿಕ್ಕರೆ ಪುಟವೇ ಇಲ್ಲವೆಂದು ಬಗೆದು ಕ್ರಮೇಣ ಹುಡುಕಾಟದ ಪಟ್ಟಿಯಿಂದ ಕೈಬಿಡುತ್ತದೆ. 503 (ಸೇವೆ ಸದ್ಯಕ್ಕೆ ಲಭ್ಯವಿಲ್ಲ) ಸಿಕ್ಕರೆ ಭೇಟಿಯ ವೇಗ ತಗ್ಗಿಸಿ ಮತ್ತೆ ಬಂದು ನೋಡುತ್ತದೆ. ಅದೂ ದಿನಗಟ್ಟಲೆ ಮುಂದುವರಿದರೆ ಗತಿ ಅದೇ.

ದೇಶವಾರು ತಡೆಯ ನಿಯಮಕ್ಕಿಂತ ಮೇಲೆ, ದೃಢಪಟ್ಟ ಸರ್ಚ್ ಬಾಟ್‌ಗಳನ್ನು (ಗೂಗಲ್‌ಬಾಟ್‌ನಂಥ ತಂತ್ರಾಂಶಗಳನ್ನು) ಒಳಬಿಡುವ ನಿಯಮ ಇಡಿ. ಹೆಸರು ನೋಡಿ ನಂಬಬೇಡಿ, ಗೂಗಲ್‌ಬಾಟ್ ಎಂದು ಯಾರು ಬೇಕಾದರೂ ಹೇಳಿಕೊಳ್ಳಬಹುದು. ಗೂಗಲ್ ಪ್ರಕಟಿಸುವ ಐಪಿ ಪಟ್ಟಿಯೊಂದಿಗೆ ತಾಳೆ ನೋಡಿ. ಬಳಿಕ ಜಾಲತಾಣದ ಒಡೆಯರಿಗಾಗಿ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಸಾಧನದಲ್ಲಿ ಮುಖಪುಟದ ಲೈವ್ ಪರೀಕ್ಷೆ ನಡೆಸಿದರೆ ತಡೆ ನೀಗಿದೆಯೇ ಎಂಬುದು ಆಗಲೇ ತಿಳಿಯುತ್ತದೆ.