ಬಾಲನಟಿಯಾಗಿ ಬಂದ ಬಿ. ಜಯಶ್ರೀ ರಂಗಭೂಮಿ, ಸಿನಿಮಾ ಎರಡರಲ್ಲೂ ನೆಲೆ ನಿಂತದ್ದು ಹೇಗೆ?

ಮುಖ್ಯ ಕಾರಣ ಅವರ ಕಂಠ. ಗುಬ್ಬಿ ವೀರಣ್ಣನವರ ಮೊಮ್ಮಗಳಾದ ಜಯಶ್ರೀ ತೀರಾ ಚಿಕ್ಕ ವಯಸ್ಸಿನಲ್ಲೇ ತಾತನ ನಾಟಕ ಕಂಪನಿಯ ರಂಗದ ಮೇಲೆ ನಿಂತವರು. ಅಲ್ಲಿ ಅವರ ಕಂಠ ಹದಗೊಂಡ ಬಗೆ ಮುಂದಿನ ಎಲ್ಲಕ್ಕೂ ಬುನಾದಿಯಾಯಿತು.

ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿದವರಿಗೆ ಇದು ಬೇಗ ಅರ್ಥವಾದೀತು. ಹೊರಗೆ ಜನಜಂಗುಳಿ, ಪಕ್ಕದಲ್ಲಿ ಮಿರ್ಚಿ ಮಂಡಕ್ಕಿಯ ಗದ್ದಲ. ಅದರ ನಡುವೆಯೂ ಮಾತಿನ ಕೊನೆಯ ಅಕ್ಷರ ಹಿಂದಿನ ಸಾಲಿಗೆ ಮುಟ್ಟಬೇಕು. ಬರಿದೇ ಕೂಗಿದರೆ ಗಂಟಲು ಕಟ್ಟುತ್ತದೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಅಕ್ಷರವನ್ನು ಒತ್ತಬೇಕು, ಮಾತಿನಿಂದ ಹಾಡಿಗೆ ಹೇಗೆ ಜಾರಬೇಕು ಎಂಬುದನ್ನು ಕಂಪನಿಯ ಮಕ್ಕಳು ದೊಡ್ಡವರನ್ನು ನೋಡುತ್ತಲೇ ಕಲಿಯುತ್ತಾರೆ. ಈ ಕಲಿಕೆಗೆ ಸಮನಾದ ಶಾಲೆ ಇಲ್ಲ ಎಂಬುದು ನನ್ನ ದೃಢ ನಂಬಿಕೆ.

ಆದರೂ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ತರಬೇತಿ ಪಡೆದು, 1976ರಲ್ಲಿ 'ಸ್ಪಂದನ' ತಂಡ ಕಟ್ಟಿ ನಿರ್ದೇಶಕಿಯಾದರು. ಕಂಪನಿಯ ಹಾಡು, ಜನಪದದ ಲಯ ಆಧುನಿಕ ರಂಗಕ್ಕೆ ಬಂದದ್ದರಲ್ಲಿ ಅವರ ಪಾಲು ದೊಡ್ಡದು. 2010ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು, 2013ರಲ್ಲಿ ಪದ್ಮಶ್ರೀ ಬಂತು.

ಸಿನಿಮಾದಲ್ಲಿ ಅವರು ನಟಿಸಿದ್ದಷ್ಟೇ ಅಲ್ಲ, ಮಾಧವಿ, ಅಂಬಿಕಾ ಮುಂತಾದ ನಾಯಕಿಯರಿಗೆ ಕಂಠದಾನವನ್ನೂ ಮಾಡಿದರು, ಅಂದರೆ ತೆರೆಯ ಮೇಲಿನ ಬೇರೊಬ್ಬರ ತುಟಿಚಲನೆಗೆ ತಮ್ಮ ದನಿ ಕೊಟ್ಟರು. ಮೈಕಿನ ಮುಂದೆ ದನಿ ತಗ್ಗಿಸಿದರೂ ಭಾವ ತಗ್ಗದಂತೆ ನೋಡಿಕೊಳ್ಳಬೇಕಾದ ಕೆಲಸವದು. ಉಸಿರಿನ ಮೇಲೆ ಹಿಡಿತವಿದ್ದವರಿಗೇ ಅದು ಸಾಧ್ಯ.