ನೆರೆ ಸಂತ್ರಸ್ತರಿಗೆ ಕೊಡಲು ಚರ್ಚಿನಲ್ಲಿ ಏನೇನು ಸಂಗ್ರಹಿಸಬೇಕು?
ಬರುವ ಭಾನುವಾರ ಪೂಜೆ ಮುಗಿದ ಮೇಲೆ ನೆರೆ ಸಂತ್ರಸ್ತರಿಗಾಗಿ ಬಟ್ಟೆಬರೆ, ಅಕ್ಕಿ ಒಟ್ಟು ಮಾಡುತ್ತೇವೆ, ಮತ್ತೇನು ತಗೊಳ್ಳಬೇಕು ಅಂತ ಕೇಳಿದ್ದೀರಿ. ಮೊದಲು ಹಳೆ ಬಟ್ಟೆ ಬೇಡ ಅನ್ನಿ. ನಾವು ಅದನ್ನೇ ಮಾಡಿ ಪೇಚಿಗೆ ಸಿಕ್ಕಿಕೊಂಡವರು.

2018ರ ಆಗಸ್ಟ್. ಕೊಡಗಿನ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜರಿದಿತ್ತು. ನಮ್ಮದು ಮಂಗಳೂರು ಕಡೆಯ ಸಣ್ಣ ಚರ್ಚ್. ಫಾದರ್ ಪ್ರಸಂಗದಲ್ಲಿ ಒಂದು ಮಾತು ಹೇಳಿದ್ದೇ ತಡ, ಪ್ರತಿ ವಾಳೆಯ, ಅಂದರೆ ಚರ್ಚಿನ ವಾರ್ಡಿನ, ಮುಖಂಡರಾದ ಗುರಿಕಾರರು ಮನೆಮನೆಗೆ ಹೋದರು. ಎರಡೇ ದಿನಕ್ಕೆ ಹಾಲ್ ತುಂಬಿತು. ವಿಂಗಡಿಸಲು ಕೂತಾಗ ಬಣ್ಣ ಬಯಲಾಯಿತು. ಜಿಪ್ ಕಿತ್ತುಹೋದ ಪ್ಯಾಂಟು, ಲಂಗ ರವಿಕೆ ಇಲ್ಲದ ಜರಿ ಸೀರೆ, ಒಂದೇ ಕಾಲಿನ ಬೂಟು. ಒಬ್ಬರಂತೂ ಮದುವೆ ಕೋಟನ್ನೇ ಕೊಟ್ಟಿದ್ದರು. ಜೇಬಿನಲ್ಲಿ ರೋಸಿನ (ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ) ಆಮಂತ್ರಣ ಇನ್ನೂ ಹಾಗೇ ಇತ್ತು!

ಸಂಪಾಜೆ ಘಾಟಿ ಬಂದ್. ಹಾಗಾಗಿ ನಮ್ಮ ಟೆಂಪೋ ಸುಳ್ಯ ದಾಟಿ, ಘಾಟಿಯ ಕೆಳಗೇ ಒಂದು ಶಾಲೆಯಲ್ಲಿದ್ದ ಪರಿಹಾರ ಕೇಂದ್ರಕ್ಕೆ ಹೋಯಿತು. ಅಲ್ಲಿ ಆಗಲೇ ಸೊಂಟದೆತ್ತರ ಬಟ್ಟೆ ರಾಶಿ. ಒಬ್ಬ ಹೆಂಗಸು ನಮ್ಮ ಜೊತೆ ಬಂದಿದ್ದ ಸಿಸ್ಟರನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದರು, "ಒಳಗೆ ಹಾಕುವಂಥದ್ದು ಹೊಸದು ಏನಾದರೂ ಉಂಟಾ?" ಇರಲಿಲ್ಲ. ಸಿಸ್ಟರ್ ಬೆಂಚ್ ಬೆಂಚಿಗೂ ಹೋಗಿ ಅಳತೆ ಕೇಳಿ ಚೀಟಿಯಲ್ಲಿ ಬರೆದುಕೊಂಡು, ಅದೇ ಟೆಂಪೋದಲ್ಲಿ ಸುಳ್ಯ ಪೇಟೆಗೆ ವಾಪಸ್ ಹೋಗಿ ತಂದರು. ನಾವು ಕೊಟ್ಟದ್ದರಲ್ಲಿ ಸರಿಯಾಗಿ ಕೆಲಸಕ್ಕೆ ಬಂದದ್ದು ಆ ಎರಡು ಚೀಲ. ಉಳಿದ ಬಟ್ಟೆ ಗ್ಯಾರೇಜಿನವರಿಗೆ ಕೈ ಒರೆಸಲು ಆಯಿತು.

ಅದಕ್ಕೇ ಹೇಳುವುದು, ಕೇಂದ್ರದಲ್ಲಿ ಇರುವವರಿಗೆ ಮೊದಲು ಫೋನ್ ಮಾಡಿ. ಸಾಮಾನಿಗಿಂತ ಜಾಸ್ತಿ ಹಣ ಸೇರಿಸಿ. ಸೇರಿದ್ದನ್ನು ಒಂದೇ ಸಲ ಖರ್ಚು ಮಾಡಬೇಡಿ. ಕೇಂದ್ರದಲ್ಲಿ ಊಟಕ್ಕೆ ಹೇಗೂ ಆಗುತ್ತದೆ. ಕಷ್ಟ ಶುರುವಾಗುವುದು ಮನೆಗೆ ಹೋದ ಮೇಲೆ. ಅಲ್ಲಿ ಮೊಣಕಾಲುದ್ದ ಕೆಸರು. ಆಗ ಬೇಕಾಗುವುದು ಹಾರೆ, ಬುಟ್ಟಿ, ಬ್ಲೀಚಿಂಗ್ ಪೌಡರ್, ಒಲೆ, ಕುಕ್ಕರ್, ಹಾಸಿಗೆ. ನಮ್ಮ ಪುಣ್ಯಕ್ಕೆ ಖಜಾಂಚಿ ಸ್ವಲ್ಪ ಜಿಪುಣರು, ಅರ್ಧ ಹಣ ಬಿಚ್ಚಿರಲೇ ಇಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮರಿಯಮ್ಮನ ಹುಟ್ಟುಹಬ್ಬಕ್ಕೆ, ಮಕ್ಕಳಿಗೆ ಹಂಚುವ ಕಬ್ಬಿನ ದುಡ್ಡನ್ನೂ ಅದಕ್ಕೇ ಸೇರಿಸಿದೆವು. ಮಕ್ಕಳು ಮುಖ ಊದಿಸಿಕೊಂಡರು ಅನ್ನಿ.

ಯಾರಿಗೆ ಕೊಡುವುದು ಅಂದರೆ, ಪಟ್ಟಿಯಿಂದ ಬಿಟ್ಟುಹೋಗುವವರನ್ನು ಹುಡುಕಿ. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು. ಒಳ್ಳೆಯದೇ. ಆದರೆ ಬಾಡಿಗೆಗೆ ಇದ್ದವರು, ಕಾಫಿ ತೋಟದ ಲೈನ್ ಮನೆಯವರು (ಕೂಲಿಯವರ ಸಾಲುಮನೆಗಳಲ್ಲಿ ಇರುವವರು) ಏನು ಮಾಡಬೇಕು? ಪಾತ್ರೆ ಪಗಡ ಹೋಗಿರುತ್ತದೆ, ಮನೆ ಮಾತ್ರ ಅವರ ಹೆಸರಲ್ಲಿ ಇರುವುದಿಲ್ಲ.

ಪಟ್ಟಿಯಲ್ಲಿ ಜಾತಿ ಧರ್ಮದ ಕಾಲಂ ಇಡಬೇಡಿ. ಕಿಟ್ ಒಳಗೆ ಪ್ರಾರ್ಥನೆ ಪುಸ್ತಕವೂ ಬೇಡ, ಸುಮ್ನೆ ಅನುಮಾನಕ್ಕೆ ದಾರಿ. ಬ್ಯಾನರ್ ಕೂಡ ಬೇಡ. ನಾವು ಚರ್ಚಿನ ಹೆಸರು ಹಾಕಿ ದೊಡ್ಡದೇ ಒಂದು ಮಾಡಿಸಿದ್ದೆವು. ಮುಂದಿನ ಸಲ ಹೋದಾಗ ಅದು ಒಬ್ಬರ ಮನೆಯ ಸೋರುವ ಮಾಡಿನ ಮೇಲಿತ್ತು, ಅಕ್ಷರ ಕೆಳಮುಖವಾಗಿ.