ಬಟ್ಟೆಯ ಮಾತು ಚಿಲ್ಲರೆಯಲ್ಲ

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: ‘ಜಪಾನಿನ ಮರದಚ್ಚಿನ ಚಿತ್ರಗಳ ಬಗ್ಗೆ ನೀವು ಹಾಕಿದ ಲೇಖನದಲ್ಲಿ ಕಲೆಗಿಂತ ಉಡುಗೆಯ ಮಾತೇ ಜಾಸ್ತಿ. ಆ ಹೆಂಗಸರ ಮುಖಗಳೆಲ್ಲ ಒಂದೇ ಥರ. ಇಂಥ ಚಿಲ್ಲರೆ ವಿಷಯಕ್ಕೆ ಅಷ್ಟು ಪುಟ ಯಾಕೆ?’

ಮುಖಗಳು ಒಂದೇ ಥರ ಅನ್ನುವುದು ನಿಜ. ಒಪ್ಪಿದೆ. ಆದರೆ ‘ಚಿಲ್ಲರೆ’ ಅಂದಿರಲ್ಲ, ಅದು ಮನಸ್ಸಿಗೆ ಚುಚ್ಚಿತು. ಇಷ್ಟು ಗಮನವಿಟ್ಟು ಓದುವ ನೀವೇ ಹೀಗಂದರೆ ಹೇಗೆ?

ಮುಖ ಹೇಳದ್ದನ್ನು ಅಲ್ಲಿ ಬಟ್ಟೆ ಹೇಳುತ್ತದೆ. ಉದ್ದ ತೋಳು ತೂಗಾಡುತ್ತಿದ್ದರೆ ಮದುವೆಯಾಗದ ಹುಡುಗಿ. ಸೊಂಟಪಟ್ಟಿ ಒಬಿಯನ್ನು ಮುಂದೆ ಕಟ್ಟಿದ್ದರೆ ಸಾಮಾನ್ಯವಾಗಿ ಯೊಶಿವಾರ ಎಂಬ ವೇಶ್ಯಾಕೇರಿಯ ಗಣಿಕೆ. 1793ರ ಸುಮಾರಿಗೆ ಕಿತಗಾವ ಉತಮಾರೊ ಮೂವರು ಚೆಲುವೆಯರನ್ನು ಒಂದೇ ಹಾಳೆಯಲ್ಲಿ ಬರೆದ. ಚಹಾ ಅಂಗಡಿಯ ಒಕಿತ ಯಾರು, ಒಹಿಸ ಯಾರು ಎಂದು ಊರಿನವರು ಕಂಡುಹಿಡಿದದ್ದು ಅವರ ಮನೆತನದ ಲಾಂಛನಗಳಿಂದ.

ಇನ್ನು ಊರಿನ ಮಾತು. ಎದೊ, ಅಂದರೆ ಇವತ್ತಿನ ಟೋಕಿಯೊ, ಆಗಲೇ ಸುಮಾರು ಹತ್ತು ಲಕ್ಷ ಜನರ ನಗರ. ಆದರೂ ಒಳ್ಳೆಯ ರೇಷ್ಮೆ ಬೇಕೆಂದರೆ ಕ್ಯೋಟೊದ ನಿಶಿಜಿನ್ ಕೇರಿಯ ನೇಕಾರರ ಕಡೆಗೇ ನೋಡಬೇಕಿತ್ತು. 1765ರಲ್ಲಿ ಸುಝುಕಿ ಹರುನೊಬು ಬಹುಬಣ್ಣದ ಅಚ್ಚಿನ ಚಿತ್ರ ತಂದಾಗ ಎದೊದವರು ಅದನ್ನು ‘ಪೂರ್ವದ ಜರಿಚಿತ್ರ’ ಎಂದು ಕರೆದು ಬೀಗಿದರು; ಕ್ಯೋಟೊಗೆ ಪೂರ್ವದಲ್ಲಿರುವ ಊರು ತಮ್ಮದಲ್ಲವೇ! ಉಡುಗೆಯ ಆಡಂಬರಕ್ಕೆ ಸರ್ಕಾರ ಕಡಿವಾಣ ಹಾಕಿತು. ಎದೊ ಹೆಂಗಸರು ಕಂದು, ಬೂದು, ಸಣ್ಣ ಪಟ್ಟೆಗಳನ್ನೇ ತಮ್ಮ ಹೆಮ್ಮೆ ಮಾಡಿಕೊಂಡರು. ಎದೊದ ಫುಕಗಾವ ಕೇರಿಯ ಗೇಶಾಗಳು, ಅಂದರೆ ಹಾಡು-ಕುಣಿತವೇ ವೃತ್ತಿಯಾದ ಹೆಂಗಸರು, ಗಂಡಸರ ಮೇಲಂಗಿ ತೊಟ್ಟು, ಚಳಿಗಾಲದಲ್ಲೂ ಬರಿಗಾಲಲ್ಲಿ ನಡೆದರು. ಕಾಲುಚೀಲ ಕೊಳ್ಳಲು ದುಡ್ಡಿಲ್ಲದೆ ಅಲ್ಲ, ಅದೇ ಅವರ ಊರಿನ ಠೀವಿ. ಎದೊದವರು ಮೆಚ್ಚಿದ ಪಟ್ಟೆ ಬಟ್ಟೆಗೆ ನಮ್ಮ ಕಡೆಯ ನಂಟೂ ಇದೆ. ಕೋರಮಂಡಲ ಕರಾವಳಿಯ ಪಟ್ಟೆ ಹತ್ತಿಬಟ್ಟೆ ಡಚ್ಚರ ಹಡಗುಗಳಲ್ಲಿ ನಾಗಸಾಕಿಗೆ ಹೋಗುತ್ತಿತ್ತು. ಮದರಾಸಿನ ಸ್ಯಾಂಥೋಮ್ ಹೆಸರಿನಲ್ಲೇ ಅಲ್ಲಿ ಮಾರಾಟವಾಗುತ್ತಿತ್ತು.

ಕೇಸಾಯ್ ಏಸೆನ್ ಬರೆದ ಹೆಂಗಸರ ಕೆಳದುಟಿ ಹಸಿರಾಗಿದೆ, ಗಮನಿಸಿದಿರಾ? ಅದು ಅಚ್ಚಿನ ತಪ್ಪಲ್ಲ. ಕುಸುಬೆ ಹೂವಿನ ಕೆಂಪನ್ನು ದಪ್ಪಗೆ ಹಚ್ಚಿದರೆ ಹಸಿರು ಹೊಳಪು ಬರುತ್ತದೆ. ಅದು ತುಂಬ ದುಬಾರಿ. ಕೊಳ್ಳಲಾಗದವರು ಮೊದಲು ತುಟಿಗೆ ಮಸಿ ಬಳಿದು, ಮೇಲೆ ತೆಳ್ಳಗೆ ಕೆಂಪು ಹಚ್ಚುತ್ತಿದ್ದರು. ಒಂದು ತುಟಿಯಲ್ಲಿ ಇಷ್ಟು ಸಂಗತಿ ಇದೆ. ಇದನ್ನು ಬಿಟ್ಟು ಬರಿ ‘ರೇಖೆಯ ಲಾಲಿತ್ಯ’ ಅಂತ ಬರೆದರೆ ಸಾಕೇ?

ನನ್ನ ಸಿಟ್ಟು ನಿಮ್ಮ ಮೇಲಲ್ಲ. ಕ್ಯಾಲೆಂಡರಿನವರು, ಪುಸ್ತಕ ಮಾಡುವವರು ಈ ಎಲ್ಲ ಹೆಂಗಸರ ಚಿತ್ರಗಳ ಕೆಳಗೂ ‘ಜಪಾನಿ ಗೇಶಾ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಚಹಾ ಅಂಗಡಿ ಹುಡುಗಿಯೂ ಗೇಶಾ, ವ್ಯಾಪಾರಿಯ ಹೆಂಡತಿಯೂ ಗೇಶಾ. 1790ರ ದಶಕದಲ್ಲಿ ಎದೊ ಸರ್ಕಾರ ಇಂಥ ಸಾಮಾನ್ಯ ಹೆಣ್ಣುಮಕ್ಕಳ ಹೆಸರನ್ನು ಚಿತ್ರದಲ್ಲಿ ಬರೆಯಬಾರದೆಂದು ನಿಷೇಧಿಸಿತು. ಉತಮಾರೊ ಒಗಟುಚಿತ್ರ ಸೇರಿಸಿ ಹೆಸರು ತಿಳಿಸಿದ. ಅವನು ಅಷ್ಟು ಕಷ್ಟಪಟ್ಟು ಉಳಿಸಿದ ಹೆಸರನ್ನು ನಾವು ಉದಾಸೀನದಿಂದಲೇ ಅಳಿಸುತ್ತಿದ್ದೇವೆ. ಯಾವ ನೇಯ್ಗೆ, ಯಾವ ಊರು ಎಂದು ಕೇಳಿದರೆ ‘ಅದು ಹೆಂಗಸರ ವಿಷಯ’ ಅನ್ನುವ ವಿಮರ್ಶಕರು ನಮ್ಮಲ್ಲಿ ಇನ್ನೂ ಇದ್ದಾರೆ. ಹೆಂಗಸರ ವಿಷಯವಾದರೆ ಅದು ಚಿಕ್ಕದು ಹೇಗಾಯಿತು?

ಆ ಸಂಚಿಕೆ ನಿಮ್ಮ ಬಳಿ ಇನ್ನೂ ಇದ್ದರೆ ಚಿತ್ರಗಳನ್ನು ಮತ್ತೊಮ್ಮೆ ನೋಡಿ. ಈ ಸಲ ಮುಖ ಬಿಟ್ಟು ತೋಳಿನ ಅಂಚಿನಿಂದ ಶುರು ಮಾಡಿ. ಏನು ಕಂಡಿತೆಂದು ಖಂಡಿತ ಬರೆಯಿರಿ, ಪ್ರಕಟಿಸುತ್ತೇವೆ.

— ಸಂ.